ಹಲ್ಲಕ್ಕ ಕಟ್ಟಬೇಕಿದ್ದ ಮನೆ

ಗಂಡನ ಖಾಕಿ ಶರ್ಟಿನ ಎಡ ತೋಳಿಗೆ ಇಸ್ತ್ರಿ ಮುಗಿದಿತ್ತು, ಬಲ ತೋಳು ಬಾಕಿಯಿತ್ತು. ಕೈ ಇಸ್ತ್ರಿಪೆಟ್ಟಿಗೆಯ ಮೇಲಿದ್ದರೂ ಹಲ್ಲಕ್ಕನ ಕಿವಿ ಬಾಗಿಲ ಮೇಲಿತ್ತು. ಮೆಟ್ಟಿಲು ಹತ್ತುವ ಬೂಟಿನ ಸದ್ದು ಕೇಳಿಸಿತು, ಹತ್ತಿರ ಬಂತು, ನಿಂತಿತು. ಗಂಟೆಯೂ ಬಾರಿಸಿತು. ಆದರೆ ಬಾರಿಸಿದ್ದು ಎದುರುಮನೆಯ ಗಂಟೆ.

ಪೆಟ್ಟಿಗೆಯನ್ನು ನಿಲ್ಲಿಸಿ ಅವಳು ಓಡಿ ಬರುವಷ್ಟರಲ್ಲಿ ಡೆಲಿವರಿಯವನು ಅರ್ಧ ಮೆಟ್ಟಿಲು ಇಳಿದಾಗಿತ್ತು. ಎದುರುಮನೆಯ ಟೀಚರಮ್ಮ ದೊಡ್ಡ ಡಬ್ಬವೊಂದನ್ನು ಮಗುವಿನಂತೆ ಅಪ್ಪಿಕೊಂಡು, ಅದಕ್ಕೆ ಕಿವಿ ಹಚ್ಚಿ ಅಲ್ಲಾಡಿಸುತ್ತಿದ್ದರು. ಪಾಠ ಮಾಡುವುದರಿಂದ ಅವರು ನಿವೃತ್ತರಾಗಿದ್ದರೇ ಹೊರತು ಪ್ರಶ್ನೆ ಕೇಳುವುದರಿಂದಲ್ಲ.

"ವಾಪಸ್ ಕಳಿಸು ಕಣೇ ಹಲ್ಲಕ್ಕ," ಎಂದರು. "ಒಳಗಿರೋದು ಪೂರ್ತಿ ಒಡೆದು ಹೋಗಿದೆ. ಕೇಳಿಲ್ಲಿ, ಹೇಗೆ ಗಲಗಲ ಅಂತಿದೆ!"

"ಅದು ಇರೋದೇ ಹಾಗೆ ಟೀಚರಮ್ಮ. ಚೂರು ಚೂರಾಗೇ ಬರುತ್ತೆ. ನಾವು ಜೋಡಿಸ್ಕೋಬೇಕು."

"ದುಡ್ಡು ಕೊಟ್ಟು ಚೂರು ತರಿಸ್ತಾರಾ ಯಾರಾದ್ರೂ?" ಎನ್ನುತ್ತ ಟೀಚರಮ್ಮ ಮೇಲಿನ ಕಾಗದವನ್ನು ತಾವೇ ಹರಿದರು. ಡಬ್ಬದ ಮೇಲೆ ಮಹಡಿ ಮನೆಯೊಂದರ ಚಿತ್ರವಿತ್ತು. ಕೆಂಪು ಮಾಡು, ಹಸಿರು ಕಿಟಕಿ, ಸುತ್ತಿ ಹತ್ತುವ ಮೆಟ್ಟಿಲು. ಎಲ್ಲವೂ ಬೆರಳ ತುದಿಯಷ್ಟು ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಒತ್ತಿ ಕಟ್ಟುವಂಥವು. ಮೂಲೆಯಲ್ಲಿ ಬೆಲೆಯೂ ಇತ್ತು. ಟೀಚರಮ್ಮ ಕನ್ನಡಕ ಏರಿಸಿ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಅಯ್ಯೋ! ಈ ದುಡ್ಡಿಗೆ ಒಂದು ಲೋಡು ನಿಜವಾದ ಇಟ್ಟಿಗೆ ಬರುತ್ತಲ್ಲೇ! ಯಾರಿಗಿದು?"

ಹಲ್ಲಕ್ಕ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಸೇರಿದ, ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಆ ಹೆಸರು ಬಂದದ್ದೂ ಅದರಿಂದಲೇ. ಇಡೀ ಬೇಸಿಗೆ ಓವರ್‌ಟೈಮ್ ಮಾಡಿ, ಮೇಣದ ವಸಡಿನಲ್ಲಿ ಯಾರು ಯಾರದೋ ಹಲ್ಲು ನೆಟ್ಟು, ಆ ಹಣದಲ್ಲಿ ಈ ಡಬ್ಬ ತರಿಸಿಕೊಂಡಿದ್ದಳು. ಮಗಳ ಮದುವೆ ಮುಗಿಸಿದ ಹೆಂಗಸು ಆಟಿಕೆ ಕೊಂಡಿದ್ದಾಳೆ ಎಂದು ಮಹಡಿಯಿಂದ ಮಹಡಿಗೆ ಸುದ್ದಿ ಇಳಿಯುವುದು ಅವಳ ಕಣ್ಣಿಗೆ ಕಟ್ಟಿತು.

"ನಮ್ಮ ಡಾಕ್ಟರದ್ದು," ಎಂದುಬಿಟ್ಟಳು. "ಪೇಷಂಟುಗಳು ಕೂರೋ ಜಾಗದಲ್ಲಿ ಇಡಬೇಕಂತೆ. ಮನೇಲಿ ಕಟ್ಟಿ ತಂದುಕೊಡು ಅಂದಿದ್ದಾರೆ."

ಅಚ್ಚಿನಿಂದ ಮೇಣ ಬಿಟ್ಟಷ್ಟು ಸಲೀಸಾಗಿ ಸುಳ್ಳು ಬಾಯಿಂದ ಬಿಟ್ಟು ಬಂತು. ಟೀಚರಮ್ಮನ ಮುಖದ ಮೇಲಿದ್ದ ಅನುಮಾನ ಕರಗಿ ಕನಿಕರವಾಯಿತು. "ಪಾಪ, ಮನೆಗೂ ಕೆಲಸ ಹೊರಿಸ್ತಾರಲ್ಲೇ ನಿಂಗೆ!" ಎಂದು ಡಬ್ಬ ಒಪ್ಪಿಸಿದರು.

ಆ ದಿನ ಗಂಡನೂ ಅತ್ತೆಯೂ ನಾದಿನಿಯ ಮನೆಗೆ ಹೋಗಿದ್ದರು, ಸಂಜೆಯವರೆಗೆ ಬರುವಂತಿರಲಿಲ್ಲ. ಅದನ್ನು ನೋಡಿಯೇ ಅವಳು ರಜೆ ಹಾಕಿದ್ದಳು. ಬಾಗಿಲು ಹಾಕಿ, ಊಟದ ಮೇಜು ಒರೆಸಿ, ಡಬ್ಬ ತೆರೆದಳು. ಒಳಗೆ ಬಣ್ಣಬಣ್ಣದ ಚೂರುಗಳು ತುಂಬಿದ ಚೀಲಗಳು, ಒಂದು ದಪ್ಪ ಚಿತ್ರದ ಪುಸ್ತಕ.

ಬಸ್ ನಿಲ್ದಾಣದ ಪಕ್ಕದ ಅಂಗಡಿಯ ಗಾಜಿನೊಳಗೆ ಇದೇ ಮನೆಯನ್ನು ಕಟ್ಟಿ ಇಟ್ಟಿದ್ದರು. ಬಸ್ಸು ತಡವಾದ ಸಂಜೆಗಳಲ್ಲಿ ಅವಳು ಅದರ ಮುಂದೆ ನಿಲ್ಲುತ್ತಿದ್ದಳು. ಅವಳ ಕಣ್ಣು ನೆಟ್ಟಿದ್ದು ತುತ್ತತುದಿಯ ಕೋಣೆಯ ಮೇಲೆ. ಓರೆ ಮಾಡಿನ ಕೆಳಗೆ ಒಂದು ಕಿಟಕಿ, ಕಿಟಕಿಯ ಬಳಿ ಒಂದು ಮೇಜು, ಒಂದೇ ಒಂದು ಕುರ್ಚಿ. ಅವಳ ಮನೆಯಲ್ಲಿ ಕುರ್ಚಿಗೇನೂ ಬರವಿರಲಿಲ್ಲ. ಆದರೆ ಯಾವುದರಲ್ಲೂ ಅವಳು ಬೆನ್ನು ಒರಗಿಸಿದ ನೆನಪಿಲ್ಲ. ಯಾವಾಗಲೂ ಅಂಚಿನಲ್ಲಿ ಕೂತು, ಒಂದು ಕಾಲು ಏಳಲು ಸಿದ್ಧ. ಆ ಕೋಣೆಯನ್ನು ತನ್ನ ಕೈಯಿಂದಲೇ, ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟಬೇಕು, ನಿಧಾನವಾಗಿ, ಯಾರೂ ಕರೆಯದಿರುವಾಗ. ಕಟ್ಟಿದ ಮೇಲೆ ಬಿಚ್ಚಿ ಮತ್ತೆ ಕಟ್ಟಬಹುದು. ಬೇಕೆಂದಾಗಲೆಲ್ಲ ಕಟ್ಟಬಹುದು. ಹಾಗೆ ನೋಡಿದರೆ ಬೆಲೆ ಜಾಸ್ತಿಯೇನಲ್ಲ ಎಂದು ಬಸ್ಸಿನಲ್ಲಿ ಕೂತು ಎಷ್ಟೋ ಸಲ ತನ್ನ ಜೊತೆ ತಾನೇ ವಾದ ಹೂಡಿ ಗೆದ್ದಿದ್ದಳು.

ಮೊದಲ ಇಟ್ಟಿಗೆಯನ್ನು ಒತ್ತಿದಳು. 'ಟಿಕ್' ಎಂದಿತು. ಬೆನ್ನಿನಲ್ಲಿ ಏನೋ ಸಡಿಲವಾಯಿತು. ಹೊಸ್ತಿಲು ಮುಗಿದು ಮೆಟ್ಟಿಲಿಗೆ ಕೈ ಹಾಕಿದಾಗ ಯಾರೋ ಬಾಗಿಲು ಬಡಿದರು.

ಕೆಳಮನೆಯ ಕಾರ್ಪೆಂಟರ್ ಅಣ್ಣ. ಕಿವಿಯ ಮೇಲೆ ಪೆನ್ಸಿಲ್, ಕೈಯಲ್ಲಿ ಅಳತೆ ಟೇಪು. "ಟೀಚರಮ್ಮ ಹೇಳಿದ್ರು, ಮನೆ ಕಟ್ಟಿಸ್ತಿದೀರಂತೆ," ಎನ್ನುತ್ತ ಒಳಗೇ ಬಂದ. ಮೇಜಿನ ಮೇಲಿದ್ದ ಪುಟ್ಟ ಹೊಸ್ತಿಲನ್ನು ಅಳೆದ. ಬೆಲೆ ಕೇಳಿ ಟೇಪನ್ನು ಸರ್ರನೆ ಬಿಟ್ಟುಬಿಟ್ಟ.

"ಅಕ್ಕಾ, ಇಷ್ಟು ಕೊಟ್ರೆ ನಾನು ತೇಗದ ಮರದಲ್ಲೇ ಮಾಡಿಕೊಡ್ತಿದ್ದೆ. ನಿಮ್ಮ ಡಾಕ್ಟರಿಗೆ ಹಲ್ಲು ಕೀಳೋದು ಗೊತ್ತು, ವ್ಯಾಪಾರ ಗೊತ್ತಿಲ್ಲ."

ಅವನನ್ನು ಸಾಗಹಾಕಿ ಇನ್ನೆರಡು ಮೆಟ್ಟಿಲು ಕಟ್ಟುವಷ್ಟರಲ್ಲಿ ಗಂಡನೂ ಅತ್ತೆಯೂ ಬಂದೇಬಿಟ್ಟರು. ಟಿವಿ ರಿಮೋಟಿನ ವಿಷಯಕ್ಕೆ ತಾಯಿ ಮಗಳಿಗೆ ಮಾತು ಬೆಳೆದು, ಅತ್ತೆ ಊಟಕ್ಕೂ ನಿಲ್ಲದೆ ಎದ್ದು ಬಂದಿದ್ದರು.

"ಇದೇನೇ ಇದು?" ಎಂದ ಗಂಡ. ಅವನು ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಯಾವುದನ್ನು ನೋಡಿದರೂ ಎಷ್ಟು ತಡವಾಗಿದೆ ಎಂದು ಹುಡುಕುವ ಕಣ್ಣು ಅವನದು.

ಅದೇ ಸುಳ್ಳನ್ನು ಮತ್ತೆ ಹೇಳಬೇಕಾಯಿತು. ಎರಡನೇ ಸಲ ಅದು ಇನ್ನೂ ಗಟ್ಟಿಯಾಗಿತ್ತು.

"ಡಬ್ಬದ ಮೇಲಿನ ಬೆಲೆ ನೋಡು! ಹುಚ್ಚು ಹಿಡಿದಿದೆ ಆ ಮನುಷ್ಯನಿಗೆ. ರಜಾ ದಿನಾನೂ ನಿನ್ನ ಜೀವ ತೆಗೀತಾನಲ್ಲ!"

"ಸೊಸೆ ಅಂದ್ರೆ ಎಲ್ಲರಿಗೂ ಸದರ," ಎಂದರು ಅತ್ತೆ, ಕೂತಲ್ಲಿಂದಲೇ. "ಸ್ವಲ್ಪ ಟೀ ಮಾಡಮ್ಮ, ತಲೆ ಸಿಡೀತಿದೆ."

ಟೀ ಸೋಸುತ್ತಿರುವಾಗ ಫೋನು. ಈ ಸಲ ನಿಜವಾಗಿಯೂ ಡಾಕ್ಟರೇ. ಹಿರಿಯರೊಬ್ಬರ ಹಲ್ಲಿನ ಸೆಟ್ಟು ಬಚ್ಚಲಲ್ಲಿ ಬಿದ್ದು ಎರಡು ಹೋಳಾಗಿತ್ತು. ಸಂಜೆ ಅವರ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. "ನೀವೇ ಬರಬೇಕಮ್ಮ. ಬಾಯಿ ಮುಚ್ಚಿಕೊಂಡು ಕೂತಿದ್ದಾರೆ, ನೋಡೋಕಾಗ್ತಿಲ್ಲ."

ಹೊರಡುವ ಮುಂಚೆ ಹಲ್ಲಕ್ಕ ಮೇಜಿನ ಮೇಲೆ ಹಾಸಿಗೆಯ ಹೊದಿಕೆ ಮುಚ್ಚಿದಳು. "ಇದನ್ನ ಯಾರೂ ಮುಟ್ಟಬೇಡಿ," ಎಂದಳು. ಅವಳ ದನಿ ಎಷ್ಟು ಗಂಭೀರವಾಗಿತ್ತೆಂದರೆ, ಆ ಡಾಕ್ಟರಿಗೆ ಇವಳು ಇಷ್ಟೊಂದು ಹೆದರುತ್ತಾಳಲ್ಲ ಎಂದು ಗಂಡನ ಕರುಳು ಚುರುಕ್ ಎಂದಿತು.

ಲ್ಯಾಬಿನಲ್ಲಿ ಹೋಳುಗಳನ್ನು ಕೂಡಿಸುತ್ತ, ಉಜ್ಜುತ್ತ, ಅವಳು ಮನಸ್ಸಿನಲ್ಲೇ ಮೆಟ್ಟಿಲು ಹತ್ತುತ್ತಿದ್ದಳು. ಇವತ್ತು ಮೆಟ್ಟಿಲು ಸಾಕು. ನಾಳೆ ಕೆಲಸದಿಂದ ಬಂದು ಅಡುಗೆಮನೆ ಕಟ್ಟಬೇಕು, ಯಾರಿಗೂ ಅಡುಗೆ ಮಾಡಿಕೊಡಬೇಕಿಲ್ಲದ ಅಡುಗೆಮನೆ. ಮೇಲಿನ ಕೋಣೆಗೆ ಏನೂ ಅವಸರವಿಲ್ಲ. ಅದನ್ನು ಕಟ್ಟಲು ಬಾಕಿಯಿದೆ ಎಂಬುದೇ ಸುಖ. ಹಿರಿಯರು ಹಲ್ಲು ಹಾಕಿಕೊಂಡು ಕನ್ನಡಿ ನೋಡಿ ನಕ್ಕರು. "ನಿನ್ನ ಕೈ ಚೆನ್ನಾಗಿರಲಿ ತಾಯಿ," ಎಂದರು. ಅವಳೂ ತನ್ನ ಕೈಗಳನ್ನು ನೋಡಿಕೊಂಡಳು. ಇನ್ನು ಸ್ವಲ್ಪ ಹೊತ್ತಿಗೆ ಅವು ತನ್ನವಾಗಲಿದ್ದವು.

ಮನೆ ಬಾಗಿಲಲ್ಲಿ ಚಪ್ಪಲಿಗಳ ಸಂತೆ ನೆರೆದಿತ್ತು. ಒಳಗಿನಿಂದ ನಗು ಕೇಳಿಸುತ್ತಿತ್ತು, ಅತ್ತೆಯದೂ ಸೇರಿ. ಆ ನಗು ಕೇಳಿ ಎಷ್ಟೋ ಕಾಲವಾಗಿತ್ತು.

"ಬಂದ್ಲು, ಬಂದ್ಲು! ಕಣ್ಣು ಮುಚ್ಚಿಕೋ!" ಎಂದು ಟೀಚರಮ್ಮ ಹಿಂದಿನಿಂದ ಅವಳ ಕಣ್ಣು ಮುಚ್ಚಿ ಒಳಗೆ ನಡೆಸಿದರು. ಕೈ ತೆಗೆದಾಗ ಊಟದ ಮೇಜಿನ ಮೇಲೆ ಮನೆ ನಿಂತಿತ್ತು. ಕೆಂಪು ಮಾಡು, ಹಸಿರು ಕಿಟಕಿ, ಸುತ್ತಿ ಹತ್ತುವ ಮೆಟ್ಟಿಲು. ಪೂರ್ತಿ ಮನೆ.

ಹಲ್ಲಕ್ಕ ಮೇಜಿನ ಮೇಲೆಲ್ಲ ಕಣ್ಣಾಡಿಸಿದಳು, ಒಂದು ಚೂರೂ ಮಿಕ್ಕಿರಲಿಲ್ಲ.

"ನೋಡು, ಮಾತೇ ಹೊರಡ್ತಿಲ್ಲ!" ಎಂದ ಗಂಡ. "ನೀನೊಬ್ಬಳೇ ಆಗಿದ್ರೆ ತಿಂಗಳುಗಟ್ಟಲೆ ಹಿಡೀತಿತ್ತು. ನಾವು ಶಿಫ್ಟ್ ಹಾಕ್ಕೊಂಡು ಒಂದೇ ಮಧ್ಯಾಹ್ನಕ್ಕೆ ಮುಗಿಸಿದ್ವಿ. ಅಮ್ಮ ಅಕ್ಕಿ ಆರಿಸೋ ಹಾಗೆ ಬಣ್ಣ ಆರಿಸಿಕೊಟ್ರು. ಟೀಚರಮ್ಮ ಪುಸ್ತಕ ನೋಡಿ ಡಿಕ್ಟೇಷನ್ ಕೊಟ್ರು. ನಾನೂ ಕಾರ್ಪೆಂಟರ್ ಅಣ್ಣಾನೂ ಒತ್ತಿದ್ವಿ."

"ನಿಮ್ಮ ಯಜಮಾನ್ರು ಒಂದು ಗೋಡೆ ತಲೆಕೆಳಗು ಕಟ್ಟಿದ್ರು," ಎಂದ ಕಾರ್ಪೆಂಟರ್.

"ಅದನ್ನ ಹೇಳಬೇಕಾಗಿರಲಿಲ್ಲ."

ಬಿಚ್ಚಬಹುದು ಎಂಬ ಆಸೆ ಅವಳೊಳಗೆ ತಟ್ಟನೆ ಮಿಂಚಿತು. ಇವರೆಲ್ಲ ಹೋಗಲಿ, ಬಿಚ್ಚಿ ಮೊದಲಿನಿಂದ ಕಟ್ಟಿದರಾಯಿತು. ಮುಂದೆ ಬಾಗಿ ಗೋಡೆಯ ತುದಿಯ ಇಟ್ಟಿಗೆಯೊಂದನ್ನು ಉಗುರಿನಿಂದ ಮೆಲ್ಲಗೆ ಮೀಟಿದಳು. ಅದು ಅಲ್ಲಾಡಲಿಲ್ಲ. ಇನ್ನೊಂದನ್ನು ಮೀಟಿದಳು. ಅದೂ ಅಷ್ಟೇ.

"ಬರಲ್ಲ ಅಕ್ಕಾ, ಏನು ಮಾಡಿದ್ರೂ ಬರಲ್ಲ!" ಕಾರ್ಪೆಂಟರ್ ಅಣ್ಣನ ಎದೆ ಉಬ್ಬಿತು. "ಒಂದೊಂದಕ್ಕೂ ಗಮ್ಮು ಹಾಕಿದೀನಿ. ಆಟೋದಲ್ಲಿ ಒಯ್ಯುವಾಗ ಗುಂಡಿಗೆ ಬಿದ್ದು ಕಳಚಿಕೊಂಡ್ರೆ ಡಾಕ್ಟರು ನಿಮ್ಮ ಮೇಲೆ ತಾನೇ ರೇಗೋದು? ಕಂಪನಿಯೋರು ಗಮ್ಮು ಕಳಿಸೋದನ್ನೇ ಮರೆತುಬಿಟ್ಟಿದ್ದಾರೆ. ನಂದೇ ಹಾಕಿದೆ, ಬಾಗಿಲ ಚೌಕಟ್ಟಿಗೆ ಹಾಕೋದು."

"ಮೇಲಿನ ರೂಮು ನೋಡಿದ್ಯಾ?" ಅತ್ತೆ ಮಗುವಿನ ಉತ್ಸಾಹದಲ್ಲಿ ಮಾಡಿನೊಳಗೆ ಬೆರಳು ತೋರಿಸಿದರು. "ಅಲ್ಲಿ ಒಂದೇ ಕುರ್ಚಿ ಕೊಟ್ಟಿದ್ರು. ಒಬ್ಬರೇ ಕೂತ್ರೆ ಬೇಜಾರಾಗಲ್ವಾ? ಕೆಳಗಿನ ಕುರ್ಚಿಗಳನ್ನೂ ನಾನೇ ಮೇಲಕ್ಕೆ ಹಾಕಿಸ್ದೆ."

ಹಲ್ಲಕ್ಕ ಇಣುಕಿದಳು. ಪುಟ್ಟ ಮೇಜಿನ ಸುತ್ತ ಕುರ್ಚಿಗಳು ಒಂದಕ್ಕೊಂದು ಮೊಣಕೈ ತಿವಿಯುವಂತೆ ಒತ್ತಿಕೊಂಡು, ಗಮ್ಮಿನಲ್ಲಿ ಕಚ್ಚಿ ಕೂತಿದ್ದವು.

"ನಿಜ ಹೇಳ್ಲಾ?" ಎಂದ ಗಂಡ. ಅವನ ದನಿ ಎಂದೂ ಇಲ್ಲದಷ್ಟು ಮೆತ್ತಗಾಗಿತ್ತು. "ಬೆಳಿಗ್ಗೆ ಬೆಲೆ ನೋಡಿ ಬೈದೆ. ಈಗ ಹೇಳ್ತೀನಿ, ಇದಕ್ಕೆ ಎಷ್ಟು ಕೊಟ್ರೂ ಮೋಸ ಇಲ್ಲ. ಅಷ್ಟು ಹೊತ್ತೂ ನನ್ನ ತಲೆಯೊಳಗೆ ಒಂದು ಬಸ್ಸೂ ಓಡ್ಲಿಲ್ಲ ಕಣೇ."

"ನಂಗೂ ಮಂಡಿನೋವು ನೆನಪಾಗ್ಲಿಲ್ಲ," ಎಂದರು ಅತ್ತೆ.

"ಪುಣ್ಯವಂತೆ ಕಣೇ ನೀನು, ಇಂಥ ಕೆಲಸ ಸಿಗುತ್ತೆ," ಎಂದರು ಟೀಚರಮ್ಮ.

ಕೊನೆಗೆ ಗಂಡನೇ ಹೇಳಿದ: "ಡಾಕ್ಟರಿಗೂ ಫೋನ್ ಮಾಡಿಬಿಟ್ಟೆ, ಮನೆ ರೆಡಿ ಅಂತ. 'ಯಾವ ಮನೆ?' ಅಂದ್ರು. ಪಾಪ, ಮರೆತೇಬಿಟ್ಟಿದ್ದಾರೆ. ಪೇಷಂಟುಗಳು ಕೂರೋ ಜಾಗಕ್ಕೆ ಅಂದೆ. ಆಮೇಲೆ ಖುಷಿಯಾಗಿ ಗಾಜಿನ ಬೀರು ಖಾಲಿ ಮಾಡಿಸ್ತೀನಿ ಅಂದ್ರು. ನಾಳೆ ಆಟೋದಲ್ಲಿ ನಾನೂ ಜೊತೆಗೆ ಬರ್ತೀನಿ, ಹುಷಾರಾಗಿ ಒಯ್ಯೋಣ. ಇನ್ನೊಂದಿದ್ರೆ ಅದನ್ನೂ ಕಳಿಸಿ ಅಂತ ನಾನೇ ಕೇಳ್ತೀನಿ."

"ಈ ಸಲ ದೊಡ್ಡದು ಕೇಳೋ," ಎಂದರು ಅತ್ತೆ.

ಎಲ್ಲರೂ ಅವಳ ಮುಖ ನೋಡಿದರು. ಅವಳ ಕಣ್ಣಲ್ಲಿ ನೀರಾಡಿದ್ದು ಕಂಡು ಟೀಚರಮ್ಮ ಬೆನ್ನು ಸವರಿದರು. "ಇಷ್ಟಕ್ಕೆಲ್ಲ ಅಳ್ತಾರಾ ಹುಚ್ಚಿ? ಮನುಷ್ಯರು ಮನುಷ್ಯರಿಗೆ ಆಗಬೇಕಲ್ವಾ?"

"ತುಂಬಾ ಚೆನ್ನಾಗಿದೆ," ಎಂದಳು ಹಲ್ಲಕ್ಕ. "ಟೀ ಮಾಡ್ತೀನಿ."

ಅಡುಗೆಮನೆಯಲ್ಲಿ ಹಾಲು ಕಾಯಲಿಟ್ಟು, ಒಲೆಯ ಮುಂದೆ ನಿಂತಳು. ಹಜಾರದಲ್ಲಿ ಮುಂದಿನ ಸಲ ಕೋಟೆ ಕಟ್ಟುವುದೋ ಹಡಗು ಕಟ್ಟುವುದೋ ಎಂದು ವಾದ ಶುರುವಾಗಿತ್ತು. ಲ್ಯಾಬಿಗೆ ಭಾನುವಾರ ರಜೆ. ಅಲ್ಲಿ ಅಂದು ಒಂದು ನರಪಿಳ್ಳೆಯೂ ಇರುವುದಿಲ್ಲ. ಬೀಗದ ಕೈ ಅವಳ ಬಳಿಯೇ ಇರುತ್ತದೆ. ಮತ್ತೆ ಮೊದಲಿನಿಂದ ಓವರ್‌ಟೈಮ್ ಮಾಡಬೇಕು, ಇನ್ನೊಂದು ಬೇಸಿಗೆ ಕಳೆಯಬೇಕು, ಅಷ್ಟೇ. ಡಬ್ಬ ನೇರವಾಗಿ ಲ್ಯಾಬಿನ ವಿಳಾಸಕ್ಕೇ ಬರಲಿ. ಅಲ್ಲಿಂದ ಮುಂದೆ ಭಾನುವಾರವೂ ಅವಳಿಗೆ ಕೆಲಸವಿರುತ್ತದೆ, ತುಂಬಾ ಕೆಲಸ.

ಹಾಲು ಉಕ್ಕಿ ಬಂತು. ಒಲೆ ಸಣ್ಣ ಮಾಡಿದಳು.

"ಏನಮ್ಮಾ, ಅಲ್ಲೇ ನಿಂತುಬಿಟ್ಯಾ? ಏನು ಯೋಚನೆ?" ಅತ್ತೆ ಕೂಗಿದರು.

"ಏನಿಲ್ಲ ಅತ್ತೆ," ಎಂದಳು, ಲೋಟಗಳನ್ನು ಸಾಲಾಗಿ ಇಡುತ್ತ. "ಸಕ್ಕರೆ ಎಷ್ಟು ಹಾಕಲಿ ಅಂತ."