ಉಳಿತಾಯ ಸಮಿತಿಯ ಅಧ್ಯಕ್ಷರ ಪಂಖಾ

ಎಲ್ಲಾ ಕೆಟ್ಟದ್ದು ಒಂದು ಭಾಷಣದಿಂದ. ಹೊಳೆದಂಡೆಗೆ ಅಣು ವಿದ್ಯುತ್ ಸ್ಥಾವರ ಬರುತ್ತದಂತೆ ಎಂಬ ಸುದ್ದಿ ಶಹಾಪುರದ ಆ ಗಲ್ಲಿಗೆ ಮುಟ್ಟಿದಾಗ ಎಲ್ಲರೂ ಸಭೆ ಸೇರಿ 'ಬ್ಯಾಡ' ಎಂದು ಕೂಗಿ ಚಹಾಕ್ಕೆ ಎದ್ದರು. ಚಪ್ಪಲಿ ಅಂಗಡಿಯ ಫಕ್ರುದ್ದೀನ ಮಾತ್ರ ಕುರ್ಚಿ ಹತ್ತಿದ.

"ಬ್ಯಾಡ ಅಂದ್ರ ಸಾಕೇನ್ರಿ? ನಾವು ಕರೆಂಟು ಅರ್ಧ ಉಳಿಸಿದ್ರ ಅವರಿಗೆ ಸ್ಥಾವರ ಕಟ್ಟಾಕ ನೆಪಾನ ಸಿಗಂಗಿಲ್ಲ! ನಮ್ಮ ಮನಿಯಿಂದನ ಸುರು!"

'ಉಳಿತಾಯ' ಎಂಬ ಮಾತಿನಲ್ಲಿ ತಾಯಿ ಮೊದಲೇ ಇದ್ದಳು. ಈಗ ತಂದೆಯೂ ಸಿಕ್ಕ. ಅಲ್ಲೇ ಅವನನ್ನು ಗಲ್ಲಿ ಉಳಿತಾಯ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದರು.

ಮರುದಿನವೇ ಮಗಳು ತಸ್ಲೀಮಾಳನ್ನು ನೋಡಲು ಕೆಂಭಾವಿಯಿಂದ ಬೀಗರು ಬರುವವರಿದ್ದರು ಎಂಬುದು ಚಪ್ಪಾಳೆಯ ಸದ್ದಿನಲ್ಲಿ ಅವನಿಗೆ ಮರೆತೇಹೋಗಿತ್ತು. ಹುಡುಗನ ಅಪ್ಪ ಚಾಂದಪಾಶಾ ನೀರಾನೆಯಂಥ ಆಸಾಮಿ. ಸೆಕೆ ತಡೆಯಲಾರದೆ ಹಿಂದೆ ಎರಡು ಮನೆಗಳಲ್ಲಿ ಹುಡುಗಿ ಹೊರಗೆ ಬರುವ ಮೊದಲೇ ಎದ್ದು ನಡೆದಿದ್ದ. ಮೇಲೆ ಮೇ ತಿಂಗಳು. ಅದಕ್ಕೆಂದೇ ಫಕ್ರುದ್ದೀನ ಹೊಸ ಕೂಲರ್ ತಂದಿಟ್ಟಿದ್ದ.

ಬೆಳಿಗ್ಗೆ ಅದಕ್ಕೆ ನೀರು ತುಂಬುತ್ತಿದ್ದಾಗ ಸಮಿತಿ ಒಳಗೆ ನುಗ್ಗಿತು. ಮುಂದೆ ಪಕ್ಕದ ಮನೆಯ ಮಲಕಮ್ಮ, ಹಿಂದೆ ಕಾರ್ಯದರ್ಶಿ ಭಗವಂತರಾಯ.

"ಏನಪಾ ಅಧ್ಯಕ್ಷ, ನಿನ್ನಿ ಮಾತು ನಿನ್ನಿಗೇ ಮುಗೀತೇನು?" ಎಂದಳು ಮಲಕಮ್ಮ.

"ಅಕ್ಕಾ, ಬೀಗರು ಬರಾಕತ್ತಾರ. ಇವತ್ತೊಂದಿನ ಬಿಡವಾ."

"ನಿನ್ನ ಮಾತು ಕೇಳಿ ನಾ ಮಿಕ್ಸರ್ ಅಟ್ಟಕ್ಕ ಇಟ್ಟು ಮುಂಜಾನಿಂದ ಚಟ್ನಿ ಕುಟ್ಟಾಕತ್ತೇನಿ. ರಟ್ಟಿ ಬಿದ್ದು ಹೋಗ್ಯಾವ! ನೀ ತಣ್ಣಗ ಕುಂದರ್ತಿ?"

ಕೂಲರನ್ನು ಹೆಣದಂತೆ ಹೊತ್ತೊಯ್ದರು. ಬದಲಿಗೆ ಭಗವಂತರಾಯ ತನ್ನ ಅಜ್ಜನದೊಂದು ನಿಜಾಮರ ಕಾಲದ ತೂಗುಪಂಖಾ ತಂದ. ಕಂಬಳಿಯಷ್ಟು ಅಗಲದ ಬಟ್ಟೆ, ಅದಕ್ಕೊಂದು ಹಗ್ಗ. ಪಡಸಾಲೆಯ ತೊಲೆಗೆ ಬಿಗಿದದ್ದೂ ಆಯಿತು.

"ಅಧ್ಯಕ್ಷರ ಕೈಲೆನ ಉದ್ಘಾಟನಾ ಆಗ್ಲಿ!" ಎಂದ ಭಗವಂತರಾಯ.

ಫಕ್ರುದ್ದೀನ ಬನಿಯನ್, ಲುಂಗಿಯಲ್ಲೇ ಮೂಲೆಯಲ್ಲಿ ಕೂತು ಹಗ್ಗ ಎಳೆದು ನೋಡುತ್ತಿದ್ದ. ಅಷ್ಟರಲ್ಲಿ ಬೀಗರ ಜೀಪು ಹೇಳಿದ ಹೊತ್ತಿಗಿಂತ ಮೊದಲೇ ಬಂದು ನಿಂತಿತು. ಹುಡುಗಿಯ ಅಪ್ಪನ ಮುಖವನ್ನೇ ಕಂಡಿರದ ಚಾಂದಪಾಶಾ ನೇರ ಪಂಖಾದ ಕೆಳಗೆ ಬಂದು ಕುಸಿದ.

"ಯಾ ಅಲ್ಲಾ! ಏ ಪಂಖಾದಾಂವ, ಜೋರ್ ಎಳಿಯೋ!"

ಫಕ್ರುದ್ದೀನ ಬಾಯಿ ತೆರೆಯುವಷ್ಟರಲ್ಲಿ ಅವನ ಹೆಂಡತಿಯ ತಮ್ಮ ಮುಜಫರ ಮನೆತನದ ಮರ್ಯಾದೆ ಉಳಿಸಲು ಧಾವಿಸಿದ. "ಎಳೀತಾನ್ರಿ, ನಮ್ಮ ಮನಿ ಆಳ ಅವ. ಭಾವ ಸುರಪುರಕ್ಕ ಹೋಗ್ಯಾರ, ರಾತ್ರಿ ಬರ್ತಾರ."

ಹುಡುಗಿಯ ಅಪ್ಪ ಬನಿಯನ್ನಿನಲ್ಲಿದ್ದಾನೆ ಎನ್ನುವುದಕ್ಕಿಂತ ಊರಲ್ಲೇ ಇಲ್ಲ ಎನ್ನುವುದು ವಾಸಿ. ಫಕ್ರುದ್ದೀನ ನುಂಗಿಕೊಂಡು ಎಳೆದ. ಕೈ ನಿಂತರೆ ಚಾಂದಪಾಶಾ ಏಳುತ್ತಾನೆ, ಚಾಂದಪಾಶಾ ಎದ್ದರೆ ಸಂಬಂಧ ಬೀಳುತ್ತದೆ. ಶರಬತ್ತು ತಂದ ತಸ್ಲೀಮಾ ಮೂಲೆಯ ಅಪ್ಪನನ್ನು ಕಂಡು ನಗು ತಡೆಯಲು ದುಪಟ್ಟಾ ಕಚ್ಚಿದಳು. ಬೀಗರು ಅದನ್ನು ನಾಚಿಕೆ ಎಂದು ಮೆಚ್ಚಿದರು. ಬಿರ್ಯಾನಿ ಉಂಡು ಅಲ್ಲೇ ಅಡ್ಡಾದರು. ಚಾಂದಪಾಶಾನ ಗೊರಕೆಗೆ ಫಕ್ರುದ್ದೀನನ ಹಗ್ಗ ತಾಳ ಹಾಕಿತು. ಕಿಟಕಿಯಲ್ಲಿ ಸಮಿತಿ ಪಿಸುಗುಟ್ಟಿತು: "ಎಷ್ಟು ಕರೆಂಟು ಉಳೀತು ನೋಡ್ರಿ!"

ಸಂಜೆ ಚಾಂದಪಾಶಾ ಕಣ್ಣುಜ್ಜುತ್ತ ಎದ್ದ. "ಮುಜಫರಭಾಯಿ, ಇಂಥಾ ನಿದ್ದಿ ಬಂದು ಯಾವ ಕಾಲಾತೋ! ಹುಡುಗಿ ಪಸಂದ್. ಜಹೇಜ್ ಗಿಹೇಜ್, ವರದಕ್ಷಿಣಿ ಏನೂ ಬ್ಯಾಡ."

ಮೂಲೆಯಲ್ಲಿ ಎರಡು ಬೊಬ್ಬೆಯೆದ್ದ ಕೈಗಳು ದುವಾಕ್ಕೆ ಮೇಲೆದ್ದವು.

"ಒಂದ ಮಾತು. ನಮ್ಮೂರಾಗ ಕರೆಂಟಿಂದು ಭಾಳ ತ್ರಾಸ್. ಹುಡುಗಿ ಜೋಡಿ ಈ ಆಳನ್ನೂ ಕಳಸ್ರಿ. ಇಂವ ಬಂದ್ರ ನಿಕಾಹ್, ಇಲ್ಲಂದ್ರ ಇಲ್ಲ."

ಮುಜಫರ ಮೂಲೆಯ ಕಡೆ ನೋಡಲಿಲ್ಲ. "ಕಬೂಲ್ರಿ! ಎಷ್ಟು ದಿನ ಇಟ್ಕೋತೀರಿ?"

"ಹೊಳಿ ದಂಡಿಗೆ ಅಣು ಸ್ಥಾವರ ಬರತದಂತಲ್ಲ, ಅದು ಸುರು ಆಗೋತನಕ. ಆಮ್ಯಾಲ ಬಿಟ್ಟುಬಿಡ್ತೀನಿ."

ಗಲ್ಲಿ ಉಳಿತಾಯ ಸಮಿತಿಯ ಅಧ್ಯಕ್ಷ ಆ ದಿನ ಬೀಗರ ಮುಂದೆ ಮೊದಲ ಸಲ ಬಾಯಿ ಬಿಟ್ಟ.

"ಅದು... ಲಗೂನ ಕಟ್ತಾರೇನ್ರಿ, ಸಾಹೇಬ್ರ?"