ಕುಕಿ-ಚಿನ್ ಮನೆತನಕ್ಕೆ ನಾನು ಕೊಟ್ಟ ಐದನೆಯ ಶಾಖೆ

ಭಾಷಾಶಾಸ್ತ್ರಕ್ಕೆ ನಾನು ಸಲ್ಲಿಸಿದ ಸೇವೆ ಬೇಗೂರಿನ ಒಂದು ಜಗಲಿಯ ಮೇಲೆ ಆರಂಭವಾಯಿತು. ಐವತ್ತರ ದಶಕದಲ್ಲಿ ನಾನಲ್ಲಿ ಶಾಲೆಯ ಮೇಷ್ಟ್ರು. ಮಣಿಪುರದ ಕಡೆ ಸೈನ್ಯದಲ್ಲಿದ್ದ ಅದೇ ಊರಿನ ಮಾದಪ್ಪ ಅಲ್ಲಿನ ಬೆಟ್ಟದ ಹುಡುಗಿಯನ್ನೇ ಮದುವೆಯಾಗಿ ಕರೆತಂದಿದ್ದ. ಬೆಟ್ಟದಿಂದ ಬಂದವಳೆಂದು ಅತ್ತೆ ಅವಳನ್ನು ಗಿರಿಜೆ ಎಂದೇ ಕರೆದರು. ಅವಳ ತಾಯ್ನುಡಿ ಯಾವುದು? ಮೈಸೂರಿನಿಂದ ತರಿಸಿದ ದಪ್ಪ ಪುಸ್ತಕದ ಪ್ರಕಾರ ಅದು ಕುಕಿ-ಚಿನ್ ಭಾಷೆಗಳ ಮನೆತನದ್ದು. ಆ ಮನೆತನಕ್ಕೆ ಉತ್ತರ, ಮಧ್ಯ, ದಕ್ಷಿಣ, ಹಳೆ ಕುಕಿ ಎಂದು ನಾಲ್ಕು ಶಾಖೆ. ಗಿರಿಜೆಯದು ಯಾವುದೆಂದು ಕಂಡುಹಿಡಿದು ಚಾಮರಾಜನಗರದ ಉಪಾಧ್ಯಾಯರ ಸಭೆಯಲ್ಲಿ ಪ್ರಬಂಧ ಓದುತ್ತೇನೆಂದು ಒಪ್ಪಿಕೊಂಡೇಬಿಟ್ಟೆ!

"ಆ ಹುಡುಗೀನೇ ಕೇಳಿದ್ರಾಯ್ತಲ್ಲ," ಎಂದಳು ನನ್ನ ಹೆಂಡತಿ.

"ಸೊಸೆ ಜಗಲಿಗೆ ಬಂದು ಪರಗಂಡಸಿನ ಹತ್ತಿರ ಮಾತಾಡೋದುಂಟೇ? ಅವಳತ್ತೆ ಬಿಡ್ತಾರಾ?"

"ನಾನೇ ಅಡಿಗೆಮನೇಗೆ ಹೋಗಿ ಕೇಳ್ಕೊಂಡ್ ಬರ್ತೀನಿ."

"ಇದು ಶಾಸ್ತ್ರ ಕಣೇ, ಉಪ್ಪಿನಕಾಯಿ ಅಳತೆಯಲ್ಲ!"

ಹೀಗಾಗಿ ಅವರ ಮನೆಯ ಜಗಲಿಯಲ್ಲಿ ಕೂತು ಮಾದಪ್ಪನನ್ನೇ ಕೇಳಿದೆ. ಅವನಿಗೆ ತಿಳಿಯದ ಪದವೇ ಇರಲಿಲ್ಲ. ಕಾಫಿಗೆ ಮುಂಚೆ ನೀರಿಗೆ 'ತುಯ್' ಎಂದ. ಕಾಫಿಯಾದ ಮೇಲೆ 'ತಿ' ಎಂದ. ನಾನು ಗಂಭೀರವಾಗಿ 'ಕಾಲಭೇದದಿಂದ ಪದಭೇದ' ಎಂದು ಬರೆದುಕೊಂಡೆ. ಒಳಗೆ ಒಂದೇ ಸಮನೆ ಪಾತ್ರೆ ಕುಕ್ಕುವ ಸದ್ದು. "ಸೊಸೆ ಬಲು ಕೆಲಸಗಾತಿ," ಎಂದು ಹೊಗಳಿದೆ. ಸದ್ದು ಇನ್ನೂ ಜೋರಾಯಿತು.

ಪದಗಳನ್ನು ಪುಸ್ತಕದ ಪಟ್ಟಿಯೊಡನೆ ಹೋಲಿಸಿದೆ. ಯಾವ ಶಾಖೆಗೂ ಪೂರ್ತಿ ಹೊಂದಲಿಲ್ಲ. ಎಲ್ಲ ಶಾಖೆಗಳಿಗೂ ಅಷ್ಟಷ್ಟು ಹೊಂದಿದವು. ಇದರರ್ಥ ಒಂದೇ. ಐದನೆಯ ಶಾಖೆ! ಕೂತು ಅದಕ್ಕೊಂದು ವ್ಯಾಕರಣವನ್ನೂ ಬರೆದೆ.

ಸಾಕ್ಷಿಗೆಂದು ದಂಪತಿಗಳನ್ನೂ ಸಭೆಗೆ ಕರೆದೊಯ್ದೆ. ನಾನು ಓದಿ ಮುಗಿಸಿದ ಮೇಲೆ ಅಧ್ಯಕ್ಷರು, "ಆ ತಾಯಿಯೂ ಎರಡು ಮಾತಾಡಲಿ," ಎಂದರು. ಅತ್ತೆ ಬೇಗೂರಿನಲ್ಲೇ ಉಳಿದಿದ್ದರು. ಗಿರಿಜೆ ಧೈರ್ಯವಾಗಿ ಎದ್ದು, ಅಪ್ಪಟ ಬೇಗೂರಿನ ಕನ್ನಡದಲ್ಲಿ ಶುರುಮಾಡಿದಳು.

"ನಮ್ಮೂರಲ್ಲಿ ನೀರ್ಗೆ ತುಯ್ ಅಂತೀವಿ ಸಾಮಿ. ತಿ ಅನ್ನೋರು ಬ್ಯಾರೆ ಬೆಟ್ಟದೋರು, ನಮ್ಗೆ ದಾಯಾದಿಗಳಿದ್ದಂಗೆ. ಇವ್ರು ಪಟಾಲಮ್ಮು ಓದ ಕಡೆಯೆಲ್ಲಾ ಒಂದೊಂದು ಕಲ್ತು, ಎಲ್ಲಾನೂ ಕಲ್ಸ್‌ಬುಟ್ಟವ್ರೆ! ಅವತ್ತು ಒಳಗಿಂದ ಪಾತ್ರೆ ಕುಕ್ಕಿ ಕುಕ್ಕಿ ಯೋಳ್ದೆ. ಮೇಷ್ಟ್ರು ಕೇಳ್ನಿಲ್ಲ."

ಮಾದಪ್ಪ ಕಂಗಾಲಾದ. "ನಿಮ್ ಬಾಸೇಲಿ ನಾ ಆಡಿದ್ ಮಾತ್ಗೆ ದಿನಾ ತಲೆ ಆಡುಸ್ತಿದ್ದಲ್ಲಮ್ಮಿ?"

"ಗಂಡ ಅಲ್ವಾ ಅಂತ ಆಡುಸ್ತಿದ್ದೆ. ಒಂದಕ್ಸರಾನೂ ಗೊತ್ತಾಯ್ತಿರ್ನಿಲ್ಲ!"

ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ಮಾತ್ರ ನಗದೆ ವಿಚಾರಿಸಿದರು: "ಹಾಗಾದರೆ ತಮ್ಮ ಐದನೆಯ ಶಾಖೆಯನ್ನು ಆಡುವವರೆಷ್ಟು ಜನ, ಮೇಷ್ಟ್ರೇ?"

"ಒಬ್ಬ," ಎಂದೆ.

"ಅರ್ಥಮಾಡಿಕೊಳ್ಳುವವರು?"

ಯಾರೂ ಇಲ್ಲ. ಅದಕ್ಕೆ ವ್ಯಾಕರಣ ಬರೆದ ಪಂಡಿತನಾದ ನನಗೆ ಆ ಕ್ಷಣಕ್ಕೆ ನೀರು ಬೇಕಿತ್ತು. ಯಾವ ಪದದಿಂದ ಕೇಳಬೇಕೆಂದು ಮಾತ್ರ ತಿಳಿಯಲಿಲ್ಲ!