ಎಲಿಸನ್ನನ ಎದೆ ಮೇಲೆ ಕೂತದ್ದು

ಶುಕ್ರವಾರ ಬೆಳಗ್ಗೆ ಎಲಿಸನ್ ಗಂಟೆ ಹೊಡೆಯಲಿಲ್ಲ. ಆಗಿದ್ದು ಇಷ್ಟೇ. ಇಷ್ಟಕ್ಕೇ ದ್ವೀಪದ ನಮ್ಮೂರಲ್ಲಿ ಅಷ್ಟು ದೊಡ್ಡ ಯುದ್ಧ ನಡೆದುಹೋಯಿತು.

ಗಂಟೆ ಅಂದರೆ ಚರ್ಚಿನ ಮುಂದಿನ ಮರಕ್ಕೆ ನೇತುಹಾಕಿದ ಖಾಲಿ ಗ್ಯಾಸ್ ಸಿಲಿಂಡರು. ಸಲಾಕೆಯಿಂದ ಬಡಿದರೆ, ಹವಳದ ಬಂಡೆಸಾಲು ಕಡಲಲೆ ತಡೆಯುವ ಲಗೂನಿನ ಆಚೆ ದಂಡೆಯ ಹಂದಿಗಳೂ ಎದ್ದು ನಿಲ್ಲುತ್ತವೆ. ಅದು ಉಪವಾಸ ಪ್ರಾರ್ಥನೆಯ ವಾರ, ಬಡಿಯುವ ಸರದಿ ಎಲಿಸನ್ನನದು. ಅವನೋ ಗುರುವಾರ ಸಂಜೆ ಉಪವಾಸ ಬಿಡುವಾಗ ಮೂರು ಜನರ ಪಾಲಿನ ಕೆಸುವಿನ ಗೆಡ್ಡೆಯ ಕಡುಬು ಒಬ್ಬನೇ ತಿಂದು ಮಲಗಿದ್ದ. ಎದ್ದಾಗ ಬಿಸಿಲು ಕಾಲ ಮೇಲೆ ಬಿದ್ದಿತ್ತು.

ಬಾಗಿಲಲ್ಲಿ ರೋವೀನಕ್ಕ ನಿಂತಿದ್ದಳು. ನಮ್ಮ ಪ್ರಾರ್ಥನಾ ಪಡೆಯ ಮುಖ್ಯಸ್ಥೆ, ಎಲಿಸನ್ನನ ಪಕ್ಕದ ಮನೆಯವಳೇ. ಯಾಕೆ ಗಂಟೆ ಆಗಲಿಲ್ಲ ಅಂತ ಕೇಳಿದಳು. ನಿದ್ದೆ ಬಂದುಬಿಡ್ತು ಅಂದಿದ್ದರೆ ನಾಲ್ಕು ಮಾತು ಬೈದು ಹೋಗುತ್ತಿದ್ದಳು. ಆದರೆ ಕಡುಬಿನ ಲೆಕ್ಕ ಹೊರಗೆ ಬಂದೀತು ಅಂತ ಅವನಿಗೆ ನಾಚಿಕೆ.

"ರಾತ್ರಿಯೆಲ್ಲ ಏನೋ ಎದೆ ಮೇಲೆ ಕೂತಂಗಾಗಿತ್ತು ಅಕ್ಕ. ಏಳೋಕೇ ಆಗಲಿಲ್ಲ."

ರೋವೀನಕ್ಕನ ಕಣ್ಣು ಅರಳಿತು. ಪಡೆ ಕಟ್ಟಿ ಆರು ತಿಂಗಳಾಗಿತ್ತು, ಇನ್ನೂ ಒಬ್ಬ ಶತ್ರುವೂ ಸಿಕ್ಕಿರಲಿಲ್ಲ. ಇಲಿಗಳ ವಿರುದ್ಧ ಒಂದು ಸಲ, ಕೆಟ್ಟುನಿಂತ ದೋಣಿ ಎಂಜಿನ್ನಿನ ವಿರುದ್ಧ ಒಂದು ಸಲ ಪ್ರಾರ್ಥನೆ ಮಾಡಿದ್ದರು, ಅಷ್ಟೇ.

ಅರ್ಧ ಗಂಟೆಯಲ್ಲಿ ಹನ್ನೊಂದು ಜನ ಅವನ ಮನೆಯೊಳಗಿದ್ದರು. ಮುಂದೆ ಉಪದೇಶಿ ಬಾರ್ನಬಾಸ್, ಕೈಯಲ್ಲಿ ಎಣ್ಣೆ ಬಾಟಲಿ. ನಾಲ್ಕು ಮೂಲೆಗೂ ಎಣ್ಣೆ ಹಚ್ಚಿದರು, ಹಾಡಿದರು, ಸೈತಾನ ಯಾವ ಬಾಗಿಲಿಂದ ಒಳಗೆ ಬಂದ ಅಂತ ಹುಡುಕಿದರು. ಅಂಗಡಿಯವನು ಕೊಟ್ಟ ಕ್ಯಾಲೆಂಡರಿನಲ್ಲಿ ಹೆಬ್ಬಾವಿನಂಥ, ರೆಕ್ಕೆಯಿರುವ ಹಾವಿನ ಚಿತ್ರ ಸಿಕ್ಕಿತು. ಅದನ್ನು ಸುಟ್ಟರು. ಎಲಿಸನ್ನನಿಗೆ ಅವತ್ತಿನಿಂದ ತಾರೀಕು ಗೊತ್ತಾಗುವುದೂ ನಿಂತಿತು.

ಆಮೇಲೆ ರೋವೀನಕ್ಕ ದಿಂಬು ಎತ್ತಿದಳು. ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಕಲ್ಲು. ಬಟ್ಟೆ ಬಿಚ್ಚಿ ಹಾಸಿಗೆ ಮೇಲೆ ಬಿಟ್ಟು ಅದನ್ನು ಎತ್ತಿ ಹಿಡಿದಳು. ಎಣ್ಣೆ ಕುಡಿದು ಕಪ್ಪಗೆ ಹೊಳೆಯುತ್ತಿದೆ, ನಡುವೆ ಒಂದು ಗುಳಿ. ಮನೆಯೊಳಗಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ನಮ್ಮ ಅಜ್ಜಂದಿರು ಕಲ್ಲಿಗೆ ಎಣ್ಣೆ ಸವರಿ ಹಂದಿ ಬಲಿ ಕೊಡುತ್ತಿದ್ದ ಕಾಲ ತೀರ ಹಳೆಯದೇನಲ್ಲ.

"ಇದೇನಪ್ಪ?" ಅಂದರು ಉಪದೇಶಿಗಳು.

"ಕಲ್ಲು."

"ಅದು ಕಾಣ್ತದೆ. ಹಾಸಿಗೇಲಿ ಯಾಕಿದೆ?"

ಅದು ಎಲಿಸನ್ನನ ಹೆಂಡತಿ ನೆಸ್ಟಾ ನಾಲಿ ಕಾಯಿ, ಅಂದರೆ ಬಾದಾಮಿಯ ಹಾಗೆ ಎಣ್ಣೆ ಬಿಡುವ ಗಟ್ಟಿ ಚಿಪ್ಪಿನ ಕಾಯಿ, ಒಡೆಯುತ್ತಿದ್ದ ಕಲ್ಲು. ಅವಳು ತೀರಿ ಎಂಟು ತಿಂಗಳು. ಅಂದಿನಿಂದ ಅವನು ಅದರ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತಿದ್ದ. ಐವತ್ತೆಂಟು ವರ್ಷದ ಗಂಡಸು ಹನ್ನೊಂದು ಜನರೆದುರು ಈ ಮಾತು ಹೇಗೆ ಹೇಳುವುದು? ಸುಮ್ಮನೆ ತಲೆ ತಗ್ಗಿಸಿದ. ತಗ್ಗಿಸಿದ ತಲೆ ತಪ್ಪೊಪ್ಪಿಗೆಯ ಹಾಗೆ ಕಂಡಿತು.

ಕಲ್ಲನ್ನು ಬಂಡೆಸಾಲಿನ ಆಚೆ, ತಳ ಕಾಣದ ನೀರಿಗೆ ಹಾಕಬೇಕು ಅಂತ ತೀರ್ಮಾನವಾಯಿತು. ದೋಣಿಗೆ ಹುಟ್ಟು ಹಾಕಿದವರಲ್ಲಿ ನಾನೂ ಒಬ್ಬ. ಹೇಳಿಕೊಳ್ಳುವುದಕ್ಕೆ ಈಗ ಸಂಕಟವಾಗುತ್ತದೆ.

ಅಲೆ ಒಡೆಯುವ ಜಾಗಕ್ಕೆ ಬಂದಾಗ ಎಲಿಸನ್ ದೋಣಿಯಲ್ಲಿ ಎದ್ದು ನಿಂತ. "ನಾನು ಸುಳ್ಳು ಹೇಳ್ದೆ. ಎದೆ ಮೇಲೆ ಏನೂ ಕೂತಿರಲಿಲ್ಲ. ಕಡುಬು ತಿಂದು ಮಲಗಿಬಿಟ್ಟೆ. ನನ್ನ ಕಲ್ಲು ಕೊಡಿ."

"ನೋಡಿದ್ರಾ, ಹೋಗೋ ಹೊತ್ತಿಗೆ ಸೈತಾನ ಹೆಂಗೆ ಇವನ ಬಾಯಲ್ಲಿ ಮಾತಾಡ್ತಾನೆ" ಅಂದಳು ರೋವೀನಕ್ಕ. ಅವನು ಮುಂದೆ ಏನೋ ಹೇಳಹೊರಟ, ಅವಳು ತುಟಿಗೇ ಎಣ್ಣೆ ಹಚ್ಚಿದಳು. ಅವನು ನಿಜ ಹೇಳಿದಷ್ಟೂ ನಮ್ಮ ಪ್ರಾರ್ಥನೆ ಜೋರಾಯಿತು. ಕಲ್ಲು ಬುಳಕ್ಕನೆ ಮುಳುಗಿತು. ಎಲಿಸನ್ ದೋಣಿಯಲ್ಲಿ ಕುಸಿದು ಕೂತ. ಬಿಡುಗಡೆಯಾದವರು ಹಾಗೇ ಕೂರುವುದು ಅಂತ ಉಪದೇಶಿಗಳು ವಿವರಿಸಿದರು.

ಸಂಜೆ ರೋವೀನಕ್ಕ ಬುಟ್ಟಿ ತುಂಬ ನಾಲಿ ಕಾಯಿ ಹೊತ್ತು ಅವನ ಅಂಗಳಕ್ಕೆ ಬಂದಳು. ನಾನು ಪಕ್ಕದಲ್ಲೇ ಬಲೆ ಹೊಲೆಯುತ್ತಿದ್ದೆ. ನಾಳೆ ಗೆಲುವಿಗೆ ಸ್ತೋತ್ರದ ಊಟ, ಕಡುಬಿಗೆ ಬೀಜ ಬೇಕು ಅಂದಳು.

"ನೆಸ್ಟಾ ಕಲ್ಲು ಒಂದಿತ್ತಲ್ಲಾ ಎಲಿಸನ್, ಕೊಡು ಮಾರಾಯ. ಕಾಯಿ ಕಳಿಸಿದ್ರೆ ತಾನೇ ಒಡೆದು ಕಳಿಸ್ತಿದ್ದಳೇ ಹೊರತು ಕಲ್ಲು ಯಾರಿಗೂ ತೋರಿಸಿದವಳಲ್ಲ. ಆದ್ರೆ ಅವಳು ಒಡೆದ ಬೀಜ ಒಂದೂ ಚೂರಾಗ್ತಿರಲಿಲ್ಲ."

ಎಲಿಸನ್ ಸಮುದ್ರದ ಕಡೆ ಕೈ ತೋರಿಸಿದ.

ರೋವೀನಕ್ಕನಿಗೆ ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಬುಟ್ಟಿ ಇಳಿಸಿ ನೆಲದ ಮೇಲೇ ಕೂತಳು. "ಹೇಳಬಾರದಿತ್ತಾ?"

"ಹೇಳೋಕೆ ಹೊರಟೆ. ನೀನು ಬಾಯಿಗೆ ಎಣ್ಣೆ ಹಚ್ಚಿದೆ."

ಆಮೇಲೆ ಅವನು ಮೆಲ್ಲಗೆ ಹೇಳಿದ: "ಒಂದು ಕಾಯಿಗೆ ಒಬ್ಬರ ಹೆಸರು ಹೇಳಿ ಪ್ರಾರ್ಥನೆ ಮಾಡ್ತಿದ್ದಳು ಅಕ್ಕ. ನಿನ್ನ ಗಂಡ ಬಿರುಗಾಳೀಲಿ ಸಿಕ್ಕಿಕೊಂಡನಲ್ಲ, ಆ ಐದು ದಿನ ಬುಟ್ಟಿಗೆ ಬುಟ್ಟಿ ಅವನ ಹೆಸರಲ್ಲೇ ಒಡೆದಳು. ಕೈಯೆಲ್ಲ ಬೊಬ್ಬೆ."

ರೋವೀನಕ್ಕ ಬುಟ್ಟಿ ಅಲ್ಲೇ ಬಿಟ್ಟು ಎದ್ದು ಹೋದಳು.

ಶನಿವಾರ ಗಂಟೆ ಹೊತ್ತಿಗಿಂತ ಒಂದು ತಾಸು ಮೊದಲೇ ಬಡಿಯಿತು. ಊರೆಲ್ಲ ಕಣ್ಣುಜ್ಜಿಕೊಂಡು ಬಂದರೆ ಎಲಿಸನ್ ಸಲಾಕೆ ಹಿಡಿದು ನಿಂತಿದ್ದಾನೆ, ಮುಖ ಬಾಡಿದೆ, ರಾತ್ರಿ ಒಂದು ಗಳಿಗೆಯೂ ರೆಪ್ಪೆ ಮುಚ್ಚಿದ ಹಾಗೆ ಕಾಣಲಿಲ್ಲ. ಪ್ರಾರ್ಥನೆಯ ಬಲ ನೋಡಿ, ಏಳಲಾರದೆ ಬಿದ್ದಿದ್ದವನು ಇವತ್ತು ಎಲ್ಲರಿಗಿಂತ ಮೊದಲು ಎದ್ದಿದ್ದಾನೆ ಅಂದರು ಉಪದೇಶಿಗಳು. ಇನ್ನು ವರ್ಷಪೂರ್ತಿ ಗಂಟೆ ಅವನದೇ ಅಂತಲೂ ಸಾರಿದರು. ಜನ ಆಮೆನ್ ಅಂದರು.

"ಈಗ ಎದೆ ಮೇಲೆ ಏನೂ ಕೂತಿಲ್ಲ ತಾನೆ?" ಅಂತ ಉಪದೇಶಿಗಳು ಅವನನ್ನು ಕೇಳಿದರು.

ಎಲಿಸನ್ ರೋವೀನಕ್ಕನ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಇಲ್ಲ" ಅಂದ ಎಲಿಸನ್.

ಇದೆ ಅಂದಿದ್ದರೆ ಮತ್ತೆ ಮನೆ ಹುಡುಕುತ್ತಿದ್ದರು. ಕಲ್ಲಿಗೆ ಸುತ್ತಿದ್ದ ನೆಸ್ಟಾಳ ಕೆಂಪು ಬಟ್ಟೆ ಇನ್ನೂ ದಿಂಬಿನ ಕೆಳಗಿತ್ತು.